ನಾಲ್ಕನೇ ನಂಬರಿನ ಹೊನ್ನೂರಪ್ಪ

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹತ್ತು ರೂಮುಗಳ ಒಂದು ಲಾಡ್ಜ್ ಇದೆ. ಹನ್ನೊಂದು ವರ್ಷದಿಂದ, ಕೊಯ್ಲಿನ ತಿಂಗಳು ಬಿಟ್ಟರೆ, ತಿಂಗಳಿಗೆ ಐದಾರು ದಿನ ನಾನು ಅಲ್ಲೇ ಇಳಿದುಕೊಳ್ಳುತ್ತೇನೆ. ಭತ್ತಕ್ಕೆ ಹೊಡೆಯುವ ಎಣ್ಣೆ ಮಾರುವುದು ನನ್ನ ಕೆಲಸ. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಕೀಟನಾಶಕ; ಇಲ್ಲಿ ಎಲ್ಲರೂ ಎಣ್ಣೆ ಅಂತಲೇ ಅನ್ನುವುದು. ಬೆಳಿಗ್ಗೆ ತುರ್ವಿಹಾಳ, ಮಧ್ಯಾಹ್ನ ಜವಳಗೇರಾ, ಸಂಜೆಗೆ ಲಾಡ್ಜು. ಬಾಗಿಲಲ್ಲೇ ಕೌಂಟರು, ಕೌಂಟರಿನ ಹಿಂದೆ ಮ್ಯಾನೇಜರ್ ಹೊನ್ನೂರಪ್ಪ. ಅವರಿಲ್ಲದ ಕೌಂಟರನ್ನು ನಾನು ಒಂದು ದಿನವೂ ನೋಡಿಲ್ಲ. ಹಾಗಾದರೆ ಈ ಮನುಷ್ಯ ಮನೆಗೆ ಹೋಗುವುದು ಯಾವಾಗ ಎಂಬ ಪ್ರಶ್ನೆ ನನಗೆ ಅಷ್ಟು ವರ್ಷ ಹೊಳೆಯಲೇ ಇಲ್ಲ. ಮಂದಿಯ ಬಗ್ಗೆ ನನ್ನ ಕಾಳಜಿ ಅಷ್ಟೇ. ಬೈಯುವುದಾದರೆ ಬೈಯಿರಿ.

ಹೊನ್ನೂರಪ್ಪನವರೂ ಮಾತಿಗೆಳೆದು ಕೂರಿಸಿಕೊಳ್ಳುವ ಪೈಕಿ ಅಲ್ಲ. ಐವತ್ತೆಂಟರ ವಯಸ್ಸು, ಇಸ್ತ್ರಿ ಇಲ್ಲದ ಆದರೆ ಶುಭ್ರವಾದ ಬಿಳಿ ಅಂಗಿ, ಮೂಗಿನ ತುದಿಗೆ ಕನ್ನಡಕ. ಗದ್ದೆಯಿಂದ ಬಂದು ಕೆಸರುಗಾಲನ್ನು ಕೈತೊಳೆಯುವ ಬೇಸಿನ್ನಿಗೆ ಎತ್ತಿ ತೊಳೆಯುವವರನ್ನು ಕಂಡರೆ ಮಾತ್ರ ಅವರ ಬಾಯಿ ಬಿಚ್ಚುತ್ತಿತ್ತು. ನಾನೂ ಒಮ್ಮೆ ಬೈಸಿಕೊಂಡಿದ್ದೇನೆ. ಉಳಿದಂತೆ ಒಂದು ಕೀಲಿ, ಒಂದು ತಲೆಯಾಟ, ಮುಗಿಯಿತು.

ಲಾಡ್ಜ್ ಕಟ್ಟಿಸಿದ ಸಿದ್ದರಾಮೇಶ ಸಾಹುಕಾರರು ತೀರಿಕೊಂಡ ಮೇಲೆ ಅದು ಮಗಳು ರೇಣುಕಾದೇವಿಯ ಪಾಲಿಗೆ ಬಂತು. ಆಕೆ ಲಿಂಗಸುಗೂರಿನಲ್ಲಿ ಹೈಸ್ಕೂಲ್ ಟೀಚರು. ಲಾಡ್ಜಿನ ಹೊಸ್ತಿಲನ್ನು ಮನೆಯ ಹೆಣ್ಣುಮಕ್ಕಳು ತುಳಿಯುವ ರೂಢಿ ಸಾಹುಕಾರರ ಮನೆತನದಲ್ಲಿ ಇರಲಿಲ್ಲ. ಹಾಗಾಗಿ ತನ್ನದೇ ಲಾಡ್ಜಿನ ಒಳಗನ್ನು ಆಕೆ ಸರಿಯಾಗಿ ನೋಡಿದವಳಲ್ಲ. ಕಳೆದ ವರ್ಷ ಒಂದು ದಿನ ಹೊನ್ನೂರಪ್ಪನವರಿಗೆ ಫೋನು ಮಾಡಿ, ಎಲ್ಲ ಲಾಡ್ಜುಗಳೂ ಕಂಪ್ಯೂಟರಿಗೆ ಹೋಗಿವೆ, ನಾವೂ ಒಂದು ಸಾಫ್ಟ್‌ವೇರ್ ಹಾಕಿಸೋಣ, ಯಾವ ರೂಮು ಖಾಲಿ, ಯಾವುದರಲ್ಲಿ ಯಾರಿದ್ದಾರೆ ಎಂದು ನಾನೂ ಇಲ್ಲಿಂದಲೇ ಮೊಬೈಲಿನಲ್ಲಿ ನೋಡುತ್ತೇನೆ ಎಂದಳು. "ದಿನಾ ಅದರ ಮುಂದ ಕುಂದ್ರೋರು ನೀವು. ನೀವ ಆರಿಸ್ರಿ ಕಾಕಾ," ಅಂತಲೂ ಅಂದಳಂತೆ.

ಅದಾದ ಮೇಲಿನ ಭಾನುವಾರ ಹೊನ್ನೂರಪ್ಪ ನನ್ನ ಬಾಗಿಲು ಬಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ನಿಮ್ಮ ಲ್ಯಾಪ್‌ಟಾಪ್ ಸ್ವಲ್ಪ ಕೊಡ್ತೀರೇನ್ರಿ? ಮೂರು ಕಂಪನಿಯವ್ರು ನೋಡಾಕ ಅಂತ ಪುಕ್ಕಟ ಕೊಟ್ಟಾರ. ನನಗ ತಲಿ ಬುಡ ತಿಳಿಯವಲ್ದು."

ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಬ್ಬರೂ ಕೂತೆವು. ಮೊದಲನೆಯದು ಪೂರ್ತಿ ಇಂಗ್ಲಿಷಿನದು. ಗಿರಾಕಿ ತಾನೇ ಮೊಬೈಲಿನಲ್ಲಿ ರೂಮು ಹಿಡಿದು, ತಾನೇ ಕೀಲಿ ತೆಗೆದುಕೊಂಡು, ತಾನೇ ಬಿಟ್ಟು ಹೋಗಬಹುದಂತೆ. "ಹಂಗಾದ್ರ ನಾನ್ಯಾಕ ಇಲ್ಲಿ?" ಎಂದರು ಹೊನ್ನೂರಪ್ಪ. ಅದನ್ನು ಮುಚ್ಚಿದೆ.

ಎರಡನೆಯದು ನನಗೆ ಹಿಡಿಸಿತು. ಅಕ್ಷರ ದಪ್ಪ, ಗೊಂದಲ ಕಡಿಮೆ. ಹತ್ತು ರೂಮು ಎಂದು ರೇಣುಕಾದೇವಿ ಮೂರೂ ಕಂಪನಿಯವರಿಗೆ ಮೊದಲೇ ಹೇಳಿದ್ದಳು; ಒಂದೊಂದರ ಎದುರಿಗೂ ಅದು ಎಂಥ ರೂಮು ಎಂದು ನಾವು ಹೇಳಬೇಕಿತ್ತು. ಒಂದು, ಎರಡು, ಮೂರು ಸರಸರ ಹೋಯಿತು. ನಾಲ್ಕಕ್ಕೆ ಬಂದಾಗ ಅವರು ಪರದೆಗೆ ಅಡ್ಡ ಕೈ ಇಟ್ಟರು.

"ನಾಲ್ಕು ಬಿಡ್ರಿ."

"ಬಿಡಾಕ ಬರಂಗಿಲ್ರಿ. ಇದು ತುಂಬಿದ ಮ್ಯಾಗ ಮುಂದಿಂದು."

"ಬಿಡ್ರಿ ಅಂದ್ರ ಬಿಡ್ರಿ!"

ನನಗೆ ಸಿಟ್ಟು ಬೇಗ ಬರುತ್ತದೆ. ಭಾನುವಾರದ ನಿದ್ದೆ ಕೆಡಿಸಿ ಕರೆದವರು ನೀವು, ಈಗ ತಕರಾರು ತೆಗೆಯುವವರೂ ನೀವು ಎಂದು ಅಂದೇಬಿಟ್ಟೆ. ಅವರು ಎದ್ದು, ಜೇಬಿನಿಂದ ಕೀಲಿ ತೆಗೆದು, ನಾಲ್ಕನೇ ನಂಬರಿನ ಬಾಗಿಲು ತೆರೆದರು.

ಒಂದು ಮಂಚ, ಒಂದು ಟ್ರಂಕು, ಹಗ್ಗದ ಮೇಲೆ ಎರಡು ಬಿಳಿ ಅಂಗಿ. ಗೋಡೆಯಲ್ಲಿ ತಾಯಿಯ ಫೋಟೋ. ಕಿಟಕಿಯ ಹತ್ತಿರ ಒಂದೇ ತಾಟು, ಒಂದೇ ಲೋಟ, ತೊಳೆದು ಬೋರಲು ಹಾಕಿದ್ದವು.

ಇಪ್ಪತ್ತೆರಡು ವರ್ಷದಿಂದ ಅವರು ಆ ರೂಮಿನಲ್ಲಿದ್ದರು. ಮದುವೆ ಆಗಲಿಲ್ಲ. ತುರ್ವಿಹಾಳದ ಮನೆ ಪಾಲಾದಾಗ ಅಣ್ಣನ ಕಡೆಗೆ ಬಾಗಿಲು ಬಂತು, ಇವರ ಕಡೆಗೆ ಗೋಡೆ ಬಂತು. ಆಗ ಸಾಹುಕಾರರು, "ನೀ ಮನಿ ಮನಷ್ಯಾ ಅದೀ. ನಾಲ್ಕನೇದ್ರಾಗ ಇದ್ದುಬಿಡು," ಅಂದಿದ್ದರು. ಕಾಗದ ಇಲ್ಲ, ಪತ್ರ ಇಲ್ಲ. ರಿಜಿಸ್ಟರಿನಲ್ಲಿ ಮೂರಾದ ಮೇಲೆ ಐದು ಬರೆಯುತ್ತ ಬಂದಿದ್ದರು, ಯಾರೂ ಕೇಳಿರಲಿಲ್ಲ. ಈಗ ಈ ಪರದೆ ಕೇಳುತ್ತಿತ್ತು. ರೇಣುಕಾದೇವಿಗೆ ವಿಷಯ ಗೊತ್ತಾಗಿ, ಒಂದು ರೂಮು ಸುಮ್ಮನೆ ಯಾಕೆ ಹಾಳು, ಖಾಲಿ ಮಾಡಿ ಅಂದರೆ ಅವರು ಹೋಗುವ ಜಾಗ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ವಾಪಸು ಬಂದು ನೋಡಿದರೆ ಎರಡನೇ ಸಾಫ್ಟ್‌ವೇರಿನಲ್ಲಿ 'ಸಿಬ್ಬಂದಿ ರೂಮು' ಎಂಬ ಆಯ್ಕೆ ಇತ್ತು. ಇದನ್ನೇ ಒತ್ತಿರಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಂತಾಗುತ್ತದೆ ಎಂದೆ.

"ಸಿಬ್ಬಂದಿ ಅಂದ್ರ ಆಳು," ಎಂದರು ಅವರು. "ಆಳಿಗೆ ನಾಳಿ ಬ್ಯಾಡ ಅಂದ್ರ ಬ್ಯಾಡ. ಸಾಹುಕಾರ್ರು ನನ್ನ ಆಳು ಅಂತ ಇಟ್ಟುಕೊಂಡಿದ್ದಿಲ್ಲ."

ಹೆದರಿಕೆ ಎಷ್ಟು, ಹಮ್ಮು ಎಷ್ಟು, ಬೇರೆ ಮಾಡುವುದು ಕಷ್ಟ. ಮೂರನೆಯದನ್ನು ತೆರೆದೆ. ಅದು ಪೂರ್ತಿ ಕನ್ನಡದಲ್ಲಿತ್ತು. ಖಾಲಿ ರೂಮಿಗೆ ಹಸಿರು, ಗಿರಾಕಿ ಇದ್ದರೆ ಕೆಂಪು, ಕಸ ಹೊಡೆಯುವುದು ಬಾಕಿ ಇದ್ದರೆ ಹಳದಿ, ದುರಸ್ತಿಯಲ್ಲಿದ್ದರೆ ಬೂದು. ಸಿಬ್ಬಂದಿ ಗಿಬ್ಬಂದಿ ಇರಲಿಲ್ಲ. ನನಗೆ ಹಸಿವಾಗಿತ್ತು. "ದುರಸ್ತಿ ಅಂತ ಹಾಕ್ರಿ, ಮುಗೀತಲ್ಲ," ಎಂದೆ. ಅವರ ಮುಖ ಗೆಲುವಾಯಿತು. ಹೀಗೆ ಮೂರನೆಯದು ಆಯ್ಕೆಯಾಯಿತು, ಅದೂ ನನ್ನ ಸಲಹೆಯಿಂದ.

ಕೌಂಟರಿಗೆ ಒಂದು ಹೊಸ ಕಂಪ್ಯೂಟರೂ ಬಂತು. ಮುಂದಿನ ತಿಂಗಳು ನಾನಿದ್ದಾಗಲೇ ಒಂದು ಬೆಳಿಗ್ಗೆ ಮಸ್ಕಿಯಿಂದ ನಳ ರಿಪೇರಿಯ ಮಲ್ಲೇಶ ಚೀಲ ಹೆಗಲಿಗೇರಿಸಿಕೊಂಡು ಬಂದ. "ನಾಲ್ಕನೇದು ತಿಂಗಳಾತಂತ ಕೆಟ್ಟು ಬಿದ್ದು. ನೋಡಿ ಬಾ ಅಂತ ರೇಣುಕಕ್ಕಾರು ಕಳಿಸ್ಯಾರ."

ಲಿಂಗಸುಗೂರಿನಲ್ಲಿ ಕೂತು ಆಕೆ ತಿಂಗಳಿಡೀ ಆ ಬೂದು ಚೌಕ ನೋಡಿದ್ದಳು. ಒಡತಿ ಅಂದ ಮೇಲೆ ನೋಡದೆ ಇರುತ್ತಾಳೆಯೇ? ನಮ್ಮಿಬ್ಬರ ತಲೆಗೆ ಅಷ್ಟು ಬುದ್ಧಿ ಬೇಡವೇ?

ಕಸ ಹೊಡೆಯುತ್ತಿದ್ದ ಖಾಸಿಂಬೀ ಸೊಂಟ ನೆಟ್ಟಗೆ ಮಾಡಿ, "ಅದರಾಗೇನ್ ಕೆಟ್ಟೈತ್ರಿ? ಎಲ್ಲಾ ಬರೋಬರಿ ಐತಲ್ಲ," ಎಂದಳು. ಮಲ್ಲೇಶ ಒಳಗೆ ಹೋಗಿ ನಳ ತಿರುಗಿಸಿದ, ಲೈಟು ಹಾಕಿ ಆರಿಸಿದ, ಹೊರಗೆ ಬಂದು ಫೋನು ಹಚ್ಚಿದ. "ಅಕ್ಕಾರ, ಏನೂ ಕೆಟ್ಟಿಲ್ರಿ. ಯಾರದೋ ಸಾಮಾನು ಅದಾವ ನೋಡ್ರಿ."

ಹೊನ್ನೂರಪ್ಪ ಕೈ ಚಾಚಿ ಫೋನು ಇಸಿದುಕೊಂಡರು. ಅದು ಜೋರಾಗಿ ಕೇಳುವ ಫೋನು, ಆಕೆಯ ಮಾತೂ ನಮಗೆಲ್ಲ ಕೇಳುತ್ತಿತ್ತು.

"ಅದರಾಗ ನಾ ಅದೀನ್ರೆವ್ವಾ."

"ನೀವಾ? ಎಂದಿಂದ?"

"ಇಪ್ಪತ್ತೆರಡು ವರ್ಷ ಆತು. ಅಪ್ಪಾರು ಹೇಳಿದ್ರು."

"ಅಂದ್ರ ನೀವು ಮನಿಗೆ ಹೋಗಂಗಿಲ್ಲೇನ್ರಿ ಕಾಕಾ?"

ಅವರು ಫೋನು ಹಿಡಿದೇ ನಾಲ್ಕನೇ ನಂಬರಿನ ಬಾಗಿಲು ಎಳೆದು ಹಾಕಿದರು. ಕೆಟ್ಟವಳಲ್ಲ ಆಕೆ, ಒಂದು ಬಿರುಸು ಮಾತೂ ಆಡಲಿಲ್ಲ. "ಇರ್ರಿ. ಯಾರ್ ಬ್ಯಾಡ ಅಂದಾರ? ಸುಳ್ಳು ದುರಸ್ತಿ ಯಾಕ? ಗಿರಾಕಿ ಅಂತ ನಿಮ್ಮ ಹೆಸರು ಹಾಕಿಬಿಡ್ರಿ, ಬಾಡಿಗಿ ಏನೂ ಬ್ಯಾಡ. ಕೆಂಪು ಕಂಡ್ರ ಸಾಕು ನನಗ."

ರೂಮು ಉಳಿಯಿತು. ಆ ಖುಷಿಗೆ ನಾನು ಚಹಾ ತರಿಸಿದೆ. ಹೊನ್ನೂರಪ್ಪ ಅದನ್ನು ಆರಲು ಬಿಟ್ಟು ಪರದೆಯ ಮುಂದೆ ಕೂತಿದ್ದರು. ಹೆಸರು ಬರೆದರು. ಎಲ್ಲಿಂದ ಬಂದಿರಿ ಎಂಬಲ್ಲಿ ತುರ್ವಿಹಾಳ. ಎಲ್ಲಿಗೆ ಹೋಗುವಿರಿ ಎಂಬಲ್ಲಿ ಏನೂ ಇಲ್ಲ. ಬಂದ ಉದ್ದೇಶಕ್ಕೆ ವ್ಯಾಪಾರ, ಮದುವೆ, ಆಸ್ಪತ್ರೆ, ಇತರೆ ಎಂದಿತ್ತು, ಇತರೆ ಒತ್ತಿದರು. ಬಿಡುವ ತಾರೀಖು ಹಾಕದೆ ಅದು ಮುಂದೆ ಹೋಗಲಿಲ್ಲ. ತನ್ನಷ್ಟಕ್ಕೆ ಅದೇ ನಾಳೆಯ ತಾರೀಖು ತೋರಿಸುತ್ತಿತ್ತು, ಅದನ್ನೇ ಇರಲಿ ಎಂದು ಬಿಟ್ಟರು. ಆಗ ಆ ಮುಖ ನೋಡಲು ನನ್ನಿಂದಾಗಲಿಲ್ಲ. ಮಾರಾಟದ ನೆವ ಹೇಳಿ ಎದ್ದು ಹೋದೆ.

ಆಮೇಲೆ ಭತ್ತದ ಕೊಯ್ಲು, ನನಗೆ ಆ ಕಡೆ ಕೆಲಸವಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಮತ್ತೆ ಹೋದೆ. ರೂಮು ಬಿಡುವ ಹೊತ್ತಿಗೆ ಕೌಂಟರಿನ ಮುಂದೆ ನಿಂತಿದ್ದಾಗ ಹನ್ನೊಂದು ಹೊಡೆಯಿತು, ಅವರ ಮೊಬೈಲು ಟಣ್ ಎಂದಿತು. ಅವರು ಕನ್ನಡಕ ಏರಿಸಿಕೊಂಡು, ಓದಿ, ನನ್ನ ಕಡೆ ತಿರುಗಿಸಿದರು.

'ಮಾನ್ಯ ಹೊನ್ನೂರಪ್ಪ ಅವರೇ, ನಿದ್ದೆ ಚೆನ್ನಾಗಿ ಆಯಿತೇ? ನಿಮ್ಮ ವಾಸ ಇಂದಿಗೆ ಮುಗಿಯುತ್ತದೆ. ಇನ್ನೊಂದು ದಿನ ಇರುತ್ತೀರಾ?'

"ದಿನಾ ಬರ್ತೈತೇನ್ರಿ ಇದು?"

"ದಿನಾ."

ನನ್ನ ತಲೆ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ಇದ್ದವನನ್ನು ದಿನಬೆಳಗಾದರೆ ಹೋಗುತ್ತೀಯೋ ಇರುತ್ತೀಯೋ ಎಂದು ಕೇಳುವುದೆಂದರೆ! "ಒಂದು ವರ್ಷದ ತಾರೀಖು ಒಮ್ಮೆಲೇ ಹಾಕಬಹುದ್ರಿ. ಸರೀರಿ, ನಾ ಹಾಕ್ತೀನಿ," ಎಂದು ಕೀಲಿಮಣೆಗೆ ಕೈ ಹಾಕಿದೆ.

ಅವರು ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿಯೇ ಹಿಡಿದರು.

"ಬ್ಯಾಡ್ರಿ. ಮೊದಲ ವಾರ ನನಗೂ ಸಂಕಟ ಆತು, ತೆಗೆಸಬೇಕಂದೆ. ಈಗ ಬ್ಯಾಡ. ನಿದ್ದಿ ಆತೇನು, ಇರ್ತೀ ಏನು ಅಂತ ನನ್ನ ಹೆಸರು ಹಿಡಿದು ದಿನಾ ಕೇಳ್ತೈತಿ ಅದು. ಬ್ಯಾರೆ ಯಾರ್ ಕೇಳ್ತಾರ್ರಿ?"

ಅವರು ಕೈ ಬಿಟ್ಟು, ತೋರುಬೆರಳಿನಿಂದ 'ಇರುತ್ತೇನೆ' ಎಂಬುದನ್ನು ನಿಧಾನವಾಗಿ ಒತ್ತಿ, ಧನ್ಯವಾದ ಎಂದು ತಿರುಗಿ ಬರುವ ಸಂದೇಶಕ್ಕಾಗಿ ಮೊಬೈಲು ನೋಡುತ್ತ ಕೂತರು.