ಕಣ್ಣು ಮುಚ್ಚಿಸಿ ಬೈಯುತ್ತಿದ್ದ ಅತ್ತೆ

ನಮ್ಮ ಅತ್ತೆ ಜೀವಮಾನದಲ್ಲಿ ಯಾರನ್ನೂ ಎದುರಿಗೆ ನಿಂತು ಬೈದವರಲ್ಲ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಯಾರನ್ನೇ ಕೇಳಿ, ಅಂಥ ಶಾಂತ ಹೆಂಗಸು ಇನ್ನೊಬ್ಬರಿಲ್ಲ ಎನ್ನುತ್ತಾರೆ. ಪಾಪ, ಅವರ್ಯಾರೂ ನಮ್ಮ ಮನೆಯ ಸಂಜೆಯ ಪ್ರಾರ್ಥನೆಗೆ ಕೂತವರಲ್ಲ.

ಅತ್ತೆ ಬೈಯುತ್ತಿದ್ದುದೆಲ್ಲ ಪ್ರಾರ್ಥನೆಯಲ್ಲಿ. ಸಂಜೆ ಮನೆಮಂದಿಯೆಲ್ಲ ಚಾಪೆಯ ಮೇಲೆ ಕೂತು ತಲೆ ಬಾಗಿಸಿ ಕಣ್ಣು ಮುಚ್ಚಿದ ಮೇಲೆ, ಅವರು ಆ ದಿನದ ನಮ್ಮ ತಪ್ಪುಗಳನ್ನೆಲ್ಲ ದೇವರಿಗೆ ಒಪ್ಪಿಸುತ್ತಿದ್ದರು. ತಪ್ಪು ಮಾಡಿದವರು ಅಲ್ಲೇ ಕೂತಿರುತ್ತಾರೆ, ಆದರೆ ಕಣ್ಣು ತೆರೆಯುವಂತಿಲ್ಲ, ಉತ್ತರ ಕೊಡುವಂತಿಲ್ಲ. ದೇವರ ಜೊತೆ ಮಾತಾಡುತ್ತಿರುವವರ ಬಾಯಿಗೆ ಅಡ್ಡ ಬರುವುದುಂಟೇ? ಇನ್ನೂ ಒಂದು ನಿಯಮವಿತ್ತು. ದೂರು ಯಾರ ಮೇಲೆ ಬಂದಿದೆಯೋ ಅವರೇ ಮೊದಲು ಆಮೆನ್ ಅನ್ನಬೇಕು. ಅಂದರೆ ತಪ್ಪು ಒಪ್ಪಿಕೊಂಡಂತೆ.

ನಾನು ಹುಮನಾಬಾದದಿಂದ ಸೊಸೆಯಾಗಿ ಬಂದವಳು. ನನಗೆ ಇದೆಲ್ಲ ಏನು ಗೊತ್ತು. ಬಂದ ಹೊಸತರಲ್ಲೇ ಒಂದು ಸಂಜೆ ಅತ್ತೆ ಶುರು ಮಾಡಿದರು: "ಕರ್ತನೇ, ಹುಮನಾಬಾದದಿಂದ ಭಾಳ ಚಲೋ ಸೊಸಿ ಕೊಟ್ಟಿ, ನಿನಗ ಸ್ತೋತ್ರ. ಆಕಿ ಬ್ಯಾಳ್ಯಾಗ ಉಪ್ಪು ಹಾಕೂದು ಮರೀತಾಳ. ನೀ ಜರಾ ನೆನಪು ಮಾಡಿಕೊಡು."

ನಾನು ಒಂದು ಕಣ್ಣು ತೆರೆದು ನೋಡಿದೆ. ಪಕ್ಕದಲ್ಲಿ ನನ್ನ ಗಂಡ ನಗು ತಡೆಯಲಾರದೆ ಭುಜ ಕುಣಿಸುತ್ತಿದ್ದ. ಅವನ ನಗು ಬಹಳ ಹೊತ್ತು ಉಳಿಯಲಿಲ್ಲ, ಮುಂದಿನ ಮಾತು ಅವನ ಗುಟಕಾದ ಬಗ್ಗೆ ಇತ್ತು.

ಚರ್ಚಿನ ಸಭಾಪಾಲಕರನ್ನೂ ಅತ್ತೆ ಬಿಟ್ಟವರಲ್ಲ. ಅವರು ನಮ್ಮಲ್ಲಿ ಊಟಕ್ಕೆ ಬಂದ ದಿನ ಅತ್ತೆ ತಟ್ಟೆಯ ಮುಂದೆಯೇ ಕೈ ಜೋಡಿಸಿದರು. "ಕರ್ತನೇ, ನಿನ್ನ ಸೇವಕರಿಗಿ ವಾಕ್ಯದ ಜ್ಞಾನ ಭಾಳ ಕೊಟ್ಟಿ. ಗಡಿಯಾರದ ಜ್ಞಾನನೂ ಸೊಲ್ಪ ಕೊಡು. ಹೋದ ಐತಾರ ಚರ್ಚಿನಾಗ ಸಣ್ಣ ಮಕ್ಕಳು ಹಸದು ಅತ್ತವು." ಸಭಾಪಾಲಕರು ಜೋರಾಗಿಯೇ ಆಮೆನ್ ಅಂದರು. ಮುಂದಿನ ಭಾನುವಾರ ನಾವೆಲ್ಲ ಬಿಸಿ ಅನ್ನ ಉಂಡೆವು.

ಭಾನುವಾರ ಚರ್ಚು, ಗುರುವಾರ ಮಹಿಳಾ ಸಂಘದ ಪ್ರಾರ್ಥನೆ. ಉಳಿದ ದಿನ ಅತ್ತೆ ಸಿಗುತ್ತಿದ್ದುದು ಹುಮನಾಬಾದದ ಬಸ್ಸಿನಲ್ಲಿ. ಅಲ್ಲಿನ ದವಾಖಾನೆಯ ಒಬ್ಬ ಡಾಕ್ಟರಮ್ಮನ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ. ಮಂಠಾಳದ ಕುರಿ ಕಾಯುವವರ ಸೊಸೆಯಾಗಲಿ, ಕೊಹಿನೂರು ಹಳ್ಳಿಯ ಒಕ್ಕಲಿಗರ ಮಗಳಾಗಲಿ, ನಾವು ಖಾಲಾ ಎನ್ನುವ ಪಕ್ಕದ ಮನೆಯ ಮುಸ್ಲಿಂ ಹೆಂಗಸಾಗಲಿ, ದವಾಖಾನೆಯ ಹೆಸರು ಕೇಳಿ ಹೆದರುವ ಹೆಂಗಸರನ್ನೆಲ್ಲ ಅವರು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಪಾಳಿ ತಡವಾದರೆ ಅಲ್ಲಿಯೂ ಕಣ್ಣು ಮುಚ್ಚುವುದೇ. "ಕರ್ತನೇ, ಡಾಕ್ಟರಮ್ಮನ ಚಹಾ ಲಗೂ ಮುಗಸು" ಎಂಬ ಪ್ರಾರ್ಥನೆ ಒಳಗಿನ ಕೋಣೆಯವರೆಗೂ ಕೇಳುತ್ತಿತ್ತಂತೆ.

ನಾನು ಮಗಳನ್ನು ಹೆರುವ ಮೊದಲು ಹುಮನಾಬಾದದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಗಳು ನಿಲ್ಲಲು ಕಲಿಯುವ ಹೊತ್ತಿಗೆ ಶಾಲೆಯಿಂದ ಹೇಳಿ ಕಳಿಸಿದರು: ಜೂನಿಗೆ ಬರುವುದಾದರೆ ಬನ್ನಿ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ. ಆ ನೌಕರಿ ನನಗೆ ಬೇಕಿತ್ತು. ಬೇಕಿತ್ತು ಅಂದರೆ ನಿದ್ದೆಗೆಡುವಷ್ಟು ಬೇಕಿತ್ತು. ಕೂಸನ್ನು ನೋಡಿಕೊಳ್ಳಲು ಅತ್ತೆಯ ಹೊರತು ಯಾರೂ ಇರಲಿಲ್ಲ, ಅತ್ತೆಯೋ ಊರ ಕೂಸುಗಳ ಹಿಂದೆ. ಅವರ ಮುಂದೆ ನಿಂತು ಕೇಳುವ ಧೈರ್ಯ ನನಗಿರಲಿಲ್ಲ. ಗಂಡನಿಗೆ ಹೇಳಿದರೆ, "ನೀನೇ ಕೇಳು. ನನ್ನ ಗುಟಕಾದ ಮಾತೇ ಇನ್ನೂ ಮುಗದಿಲ್ಲ" ಎಂದು ಜಾರಿಕೊಂಡ.

ಆ ಗುರುವಾರ ಮಹಿಳಾ ಸಂಘದ ಪ್ರಾರ್ಥನೆ ನಮ್ಮ ಮನೆಯಲ್ಲೇ ಇತ್ತು. ಕೋಣೆಯ ತುಂಬ ಹೆಂಗಸರು. ಅತ್ತೆ, "ಈಗ ನಮ್ಮ ಸೊಸಿ ಪ್ರಾರ್ಥನಾ ಮಾಡ್ತಾಳ" ಅಂದರು. ನನ್ನ ಪಾಳಿ ಬಂದಾಗಲೆಲ್ಲ ಬಾಯಿಪಾಠದ ಪ್ರಾರ್ಥನೆ ಹೇಳಿ ಪಾರಾಗುತ್ತಿದ್ದವಳು ನಾನು. ಆ ದಿನ ಅದೇನು ಭಂಡ ಧೈರ್ಯ ಬಂತೋ.

"ಕರ್ತನೇ, ಈ ಮನ್ಯಾಗ ಒಬ್ಬರು ಹಿರೇರು ಇದ್ದಾರ. ಮಂಠಾಳದ ಕೂಸಿಗಿ ಜ್ವರ ಬಂದ್ರೂ ಅವರೇ ಬೇಕು, ಹುಲಸೂರಿನ ಕೂಸಿಗಿ ಕೆಮ್ಮು ಬಂದ್ರೂ ಅವರೇ ಬೇಕು. ಅವರ ಮೊಮ್ಮಗಳೂ ಒಂದು ಕೂಸೇ ಅದ. ಅದರ ಅವ್ವಗ ಸಾಲಿಗಿ ಹೋಗಿ ಕಲಸೂ ಆಸಿ ಭಾಳ ಅದ. ಈ ಸುದ್ದಿ ಅವರಿಗಿ ನೀನೇ ಮುಟ್ಟಸು."

ಯಾರೂ ಆಮೆನ್ ಅನ್ನಲಿಲ್ಲ. ಅನ್ನಬೇಕಾದವರು ಅತ್ತೆ. ಯಾರೋ ಕೆಮ್ಮಿದರು. ಮುಗೀತು ನನ್ನ ಕಥೆ ಅಂದುಕೊಂಡೆ. ಆಗ ಅತ್ತೆ ಕಣ್ಣು ತೆರೆಯದೆಯೇ, ತಾವೇ ಮಾಡಿದ ನಿಯಮ ಮುರಿದು, ಉತ್ತರ ಕೊಟ್ಟರು. "ಕರ್ತನೇ, ಸುದ್ದಿ ಮುಟ್ಟಿತು. ಮಗ್ಗಲದಾಗ ಕೂತಾಕಿ ನನಗೊಂದು ಮಾತು ಹೇಳಲಾಕ ನಿನ್ನ ತನಕ ಹೋಗಿ ಬಂದಾಳ. ಇಷ್ಟು ಸುತ್ತು ಹಾಕೂ ಟೀಚರು ಮಕ್ಕಳಿಗಿ ಹ್ಯಾಂಗ ಕಲಸ್ತಾಳೋ, ನೀನೇ ನೋಡ್ಕೋ. ಆಮೆನ್." ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಇನ್ನು ಅತ್ತೆ ಮನೆಯಲ್ಲಿ ಉಳಿಯುತ್ತಾರೆ ಅಂದುಕೊಂಡಿದ್ದೆ. ಅವರು ಯಾವುದನ್ನೂ ಬಿಡುವ ಪೈಕಿ ಅಲ್ಲ. ಜೂನಿನ ಮೊದಲ ದಿನ ಬಸ್ ಸ್ಟ್ಯಾಂಡಿನಲ್ಲಿ ಅವರ ಕಂಕುಳಲ್ಲಿ ನನ್ನ ಮಗಳು, ಇನ್ನೊಂದು ಕೈಯಲ್ಲಿ ಕೊಹಿನೂರಿನ ಒಬ್ಬ ಬಸುರಿ. ಎಲ್ಲರೂ ಒಂದೇ ಬಸ್ಸು. ನಾನು ಶಾಲೆಗೆ, ಅವರ ದಂಡು ದವಾಖಾನೆಗೆ. ನನ್ನ ಮಗಳು ನಡೆಯಲು ಕಲಿತಿದ್ದು ದವಾಖಾನೆಯ ಪಡಸಾಲೆಯಲ್ಲಿ. ಬೇರೆ ಮಕ್ಕಳು ಗೊಂಬೆಗೆ ಜಡೆ ಹಾಕಿದರೆ ಇವಳು ಸೂಜಿ ಚುಚ್ಚುತ್ತಿದ್ದಳು. ಮಾತು ಬಂದ ಮೇಲೆ ಅವಳು ಮಾಡಿದ ಮೊದಲ ಪ್ರಾರ್ಥನೆ, "ಯೇಸಪ್ಪಾ, ಆಯಿ ಚಾಕಲೇಟ್ ಕೊಡ್ಲಿಲ್ಲ." ಆಯಿ ಅಂದರೆ ಅವಳ ಅಜ್ಜಿ, ನಮ್ಮ ಅತ್ತೆ. ಮುಖ ಗಂಟಿಕ್ಕಿಕೊಂಡು ಆಮೆನ್ ಅಂದರು.

ಹೋದ ವರ್ಷ ಅತ್ತೆಯ ಹೃದಯ ಸೋತಿತು. ಇನ್ನು ಬಸ್ಸು ಹತ್ತಬಾರದು, ಯಾರಾದರೂ ಹತ್ತಿರವೇ ಇರಬೇಕು ಎಂದು ಅದೇ ಡಾಕ್ಟರಮ್ಮ ಹೇಳಿದರು. ನಾನು ನೌಕರಿ ಬಿಡುವುದೆಂದು ತೀರ್ಮಾನಿಸಿ, ಅಡುಗೆಮನೆಯಲ್ಲಿ ಗಂಡನ ಕಿವಿಯಲ್ಲಷ್ಟೇ ಹೇಳಿದೆ. ಅತ್ತೆಯ ಕಿವಿಗೆ ಮಾತ್ರ ಏನೂ ಆಗಿರಲಿಲ್ಲ.

ಸಂಜೆ ಮಲಗಿದಲ್ಲಿಂದಲೇ ಸಣ್ಣ ದನಿಯಲ್ಲಿ ಶುರು ಮಾಡಿದರು. "ಕರ್ತನೇ, ನನ್ನ ಸಲುವಾಗಿ ಸೊಸಿ ನೌಕರಿ ಬಿಡ್ತಾಳಂತ. ನಾ ಆಕಿ ಮಗಳನ್ನ ಎತ್ಕೊಂಡು ಬಸ್ಸು ಹತ್ತಿದ್ದು ಇದಕ್ಕಲ್ಲ. ನಾಳಿ ಆಕಿನ್ನ ಬಸ್ಸು ಹತ್ತಸು. ಬಸ್ಸು ತಪ್ಪಿತಂದ್ರ ನಾ ನಿನ್ನನ್ನೇ ಕೇಳ್ತೀನಿ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಆದರೆ ಕಣ್ಣು ತೆರೆಯುವಂತಿಲ್ಲ, ಉತ್ತರ ಕೊಡುವಂತಿಲ್ಲ. ಆಮೆನ್ ಅಂದೆ. ಬೆಳಿಗ್ಗೆ ಬಸ್ಸು ಹತ್ತಿದೆ. ಹಗಲು ಹೊತ್ತು ಅವರ ಹತ್ತಿರ ಖಾಲಾ ಕೂರುತ್ತಿದ್ದರು. ಮಂಠಾಳದಿಂದ, ಕೊಹಿನೂರಿನಿಂದ ಹೆಂಗಸರು ಪಾಳಿ ಹಚ್ಚಿಕೊಂಡು ಬಂದರು. ಅವರನ್ನು ಯಾರೂ ಕರೆದಿರಲಿಲ್ಲ.

ಅತ್ತೆ ತೀರಿಕೊಂಡಿದ್ದು ಒಂದು ಮಧ್ಯಾಹ್ನ, ನಾನು ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ. ಒಂದೆರಡು ಚಮಚ ಗಂಜಿ ಕುಡಿದು, "ಸೊಸಿಗಿ ಬಸ್ಸು ಸಿಕ್ತೇನು" ಎಂದು ಕೇಳಿ, ಹೌದೆಂದ ಮೇಲೆ ಕಣ್ಣು ಮುಚ್ಚಿದರಂತೆ. ಖಾಲಾ ಹೇಳಿದರು.

ಮಣ್ಣು ಮಾಡಿ ಬಂದ ಸಂಜೆ ಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತೆವು. ಸಭಾಪಾಲಕರು ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿದೆ.

"ಕರ್ತನೇ, ನಮ್ಮ ಅತ್ತಿ ಮ್ಯಾಲ ನಂದೊಂದು ದೂರು ಅದ. ಊರ ಮಂದಿ ಸಲುವಾಗಿ ದವಾಖಾನಿ ಬಾಗಲದಾಗ ದಿನಗಟ್ಟಲೆ ಕಾದರು. ನನ್ನನ್ನ ಬಸ್ಸು ಹತ್ತಿಸಿ ಕಳಿಸಿ, ನಾ ಬರೂ ತನಕ ಒಂದು ಸಂಜಿ ಕಾಯಲಿಲ್ಲ. ನೀ ಅವರನ್ನ ಕೇಳು."

ಆಮೆನ್ ಅನ್ನಬೇಕಾದವರು ಅತ್ತೆ. ಎಲ್ಲರೂ ತಲೆ ಬಾಗಿಸಿಕೊಂಡು ಕಾದರು, ನಾನೂ ಕಾದೆ. ಕೊನೆಗೆ ನನ್ನ ಮಗಳು, ಅವಳ ಆಯಿಯ ಪರವಾಗಿ, ಆಮೆನ್ ಅಂದಳು.