ಎಂಜಿನ್ ತಣ್ಣಗಾಗುವವರೆಗೆ

ಅರವತ್ತು ತುಂಬಿದ ವರ್ಷ ನನ್ನ ಹೆಂಡತಿ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಳ್ಳುತ್ತೇನೆಂದಳು. ನಾನು ಕಾರಣ ಕೇಳಲಿಲ್ಲ. ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಬ್ಯಾಂಕಿಗೆ ಮೊದಲು ಸ್ಕೂಟರಿನಲ್ಲಿ, ಆಮೇಲೆ ಸಣ್ಣ ಕಾರಿನಲ್ಲಿ ಓಡಾಡಿ ಇಡೀ ನೌಕರಿ ಮುಗಿಸಿದವಳು ಅವಳು. ಆ ರಸ್ತೆಯಲ್ಲಿ ತನ್ನನ್ನು ಹಿಂದೆ ಹಾಕಿ ಹೋದ ಒಳ್ಳೆಯ ಕಾರುಗಳೆಲ್ಲ ಅವಳ ನೆನಪಿನಲ್ಲಿದ್ದವು. ನನಗಂತೂ ಕಾರು ಓಡಿಸಲು ಬರುವುದಿಲ್ಲ. ಪತ್ರಿಕೆಯ ಸುದ್ದಿಮೇಜಿನ ಮುಂದೆ ಬದುಕು ಕಳೆದವನು, ಬೇರೆಯವರು ಓಡಿಸುವ ವಾಹನದಲ್ಲಿ ಕೂತು ಹೊರಗೆ ನೋಡುವುದೇ ನನಗೆ ರೂಢಿ.

ಹೊಸ ಕಾರು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಳೆಯದರಲ್ಲಿ ಅವಳು ಆಗಲೇ ಎರಡನ್ನು ನೋಡಿ ಬೇಡವೆಂದು ಬಿಟ್ಟಿದ್ದಳು. ಒಂದು ಯಾವುದೋ ಊರಿನ ನೆರೆಯಲ್ಲಿ ಮುಳುಗೆದ್ದಿತ್ತು. ಕಾಲಡಿಯ ಮ್ಯಾಟ್ ಎತ್ತಿದರೆ ಹಳೆಯ ಬಾವಿಯ ವಾಸನೆ. ಇನ್ನೊಂದು ಎಲ್ಲೋ ಗುದ್ದಿಕೊಂಡು ಮೇಲೆ ಹೊಸ ಬಣ್ಣ ಬಳಿದುಕೊಂಡಿತ್ತು. ಮೂರನೆಯದು ಉಣಕಲ್ಲಿನಲ್ಲಿದೆ ಎಂದು ಗೊತ್ತಾದಾಗ ಅವಳು ಹೇಳಿದಳು: "ಇದೂ ಹಾಳಾಗಿದ್ರ ಮುಗೀತ್ರಿ. ಇನ್ನ ನಾಕು ವರ್ಷಕ್ಕ ಅಂಥಾ ಸೀಟಿನಿಂದ ಏಳಾಕ ಮೊಣಕಾಲು ಕೇಳೂದಿಲ್ಲ. ಮತ್ತ ನಾ ಈ ಮಾತು ಎತ್ತೂದಿಲ್ಲ." ಆಡಿದ ಮಾತಿಗೆ ತಪ್ಪುವವಳಲ್ಲ. ಹಾಗಾಗಿ ಆ ದಿನದ ಪರೀಕ್ಷೆ ಕಾರಿನದಷ್ಟೇ ಆಗಿರಲಿಲ್ಲ.

ಮಾಲೀಕರು ಹತ್ತಿ ವ್ಯಾಪಾರ ಮಾಡಿದವರು, ಎಪ್ಪತ್ತು ದಾಟಿದವರು. ಬೆನ್ನುಮೂಳೆಯ ತೊಂದರೆಯಿಂದಾಗಿ ನೆಲಕ್ಕೆ ಹತ್ತಿದಂಥ ಆ ಸೀಟಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದ್ದರಂತೆ. ಕಾರು ನೋಡಲು ನಮ್ಮೊಂದಿಗೆ ಬಂದವನು ಹುಬ್ಬಳ್ಳಿಯಲ್ಲಿ ಸ್ವಂತ ಗ್ಯಾರೇಜಿರುವ ಮೆಕ್ಯಾನಿಕ್. ಹೆಂಡತಿಯ ಬ್ಯಾಂಕಿನ ಹಳೆಯ ಗಿರಾಕಿ, ಹೊಗಳುವುದರಲ್ಲಿ ಬಹಳ ಜಿಪುಣ. ಅವನದು ಒಂದೇ ಷರತ್ತು: ನಾವು ಹೋಗುವ ದಿನ ಬೆಳಿಗ್ಗೆ ಕಾರು ಚಾಲೂ ಮಾಡಿರಬಾರದು. "ಬಿಸಿ ಎಂಜಿನ್ ಎಲ್ಲಾರ ಮುಂದೂ ಛಲೋನ ಮಾತಾಡತೈತ್ರಿ ಅಕ್ಕಾರ. ತಣ್ಣಗಿದ್ದಾಗ ಖರೇ ಹೇಳತೈತಿ." ಹೆಂಡತಿ ಫೋನಿನಲ್ಲಿ ಬೆಲೆಯ ಮಾತು ಮುಗಿಸುವಾಗ ಮಾಲೀಕರಿಗೆ ಇದನ್ನು ಎರಡು ಸಲ ಹೇಳಿದ್ದಳು. ಅವರೂ ಒಪ್ಪಿದ್ದರು.

ಗೇಟು ದಾಟಿ ಒಳಗೆ ಹೋದಾಗ ಕಾರು ಅಂಗಳದಲ್ಲಿ ನಿಂತಿತ್ತು. ಕಡುಗೆಂಪು ಬಣ್ಣ, ಈಗಷ್ಟೇ ತೊಳೆದ ಮೈ. ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಕನ್ನಡಿಗೊಂದು ಚೆಂಡುಹೂವಿನ ಮಾಲೆ. ಮೆಕ್ಯಾನಿಕ್ ಇದಾವುದನ್ನೂ ನೋಡಲಿಲ್ಲ. ಅವನ ಕಣ್ಣು ಗೇಟಿನ ಹತ್ತಿರ ಅಪ್ಪಚ್ಚಿಯಾಗಿ ಬಿದ್ದಿದ್ದ ನಿಂಬೆಹಣ್ಣುಗಳ ಮೇಲಿತ್ತು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹಿಂದೆಗೆದ.

"ಚಾಲೂ ಮಾಡೀರಲ್ರೀ ಸಾಹುಕಾರ್ರ."

ಮಾಲೀಕರಿಗೆ ನಿಜಕ್ಕೂ ಆಶ್ಚರ್ಯವಾಯಿತು. ಚಾಲೂ ಮಾಡದೆ ನಿಂಬೆಹಣ್ಣಿನ ಮೇಲೆ ಗಾಲಿ ದಾಟಿಸುವುದು ಹೇಗೆ? ಮನೆಯಿಂದ ಹೊರಡುವಂಥದ್ದನ್ನು ಪೂಜೆಯಿಲ್ಲದೆ ಬೇರೆಯವರ ಮುಂದೆ ನಿಲ್ಲಿಸುವುದು ಹೇಗೆ? ಡಾಕ್ಟರ ಮಾತನ್ನು ಆ ಒಂದು ದಿನ ಬದಿಗಿಟ್ಟು ಗುಡಿಯವರೆಗೂ ಒಂದು ಸುತ್ತು ಹೋಗಿ ಬಂದಿದ್ದರಂತೆ. ಅವರ ಲೆಕ್ಕದಲ್ಲಿ ಅದು ಕಾರು ಓಡಿಸಿದ್ದಲ್ಲ, ಪೂಜೆಯ ಒಂದು ಭಾಗ. ಮೆಕ್ಯಾನಿಕ್ ವಾದಿಸಲಿಲ್ಲ. ಪೂರ್ತಿ ತಣ್ಣಗಾಗಲು ಇಳಿಹೊತ್ತಾಗುತ್ತದೆ, ಅಲ್ಲಿಯವರೆಗೆ ಉಳಿದದ್ದನ್ನು ನೋಡುತ್ತೇನೆ ಎಂದು ನೆಲಕ್ಕೆ ಗೋಣಿತಟ್ಟು ಹಾಸಿ ಕಾರಿನ ಕೆಳಗೆ ಹೊಕ್ಕ.

ಅವನು ನೋಡುವ ರೀತಿ ನನಗೆ ಹಿಡಿಸಿತು. ಹೊಳೆಯುವ ಭಾಗಗಳನ್ನು ಅವನು ಕೊನೆಗೆ ಇಟ್ಟುಕೊಂಡ. ಮೊದಲು ಹೊಟ್ಟೆಯ ಕೆಳಗಿನ ಗೀರು, ಆಮೇಲೆ ಬಾಗಿಲುಗಳ ಸಂದು, ಟೈರಿನ ಸವೆತ ಎರಡೂ ಬದಿಗೆ ಸಮನಾಗಿದೆಯೇ ಎಂಬುದು. ಬಣ್ಣದ ದಪ್ಪ ಅಳೆಯುವ ಒಂದು ಸಣ್ಣ ಯಂತ್ರವನ್ನು ಮೈಯುದ್ದಕ್ಕೂ ಒತ್ತುತ್ತ ಹೋದ. ಹೆಂಡತಿ ಅವನ ಹಿಂದೆಯೇ ಬಗ್ಗಿ ಬಗ್ಗಿ ನೋಡುತ್ತಿದ್ದಳು. ನಡುವೆ ನನ್ನ ಕಡೆ ತಿರುಗಿ, "ನಿಮ್ಮ ಮಂದಿ ನನ್ನ ನೋಡಾಕ ಬಂದಾಗ ಇಷ್ಟ ಬಗ್ಗಿ ನೋಡಿದ್ದಿಲ್ಲ ನೋಡ್ರಿ" ಎಂದಳು. ಕಾರಿನ ಕೆಳಗಿನಿಂದ ಮೆಕ್ಯಾನಿಕ್, "ಅದಕ್ಕ ಅಣ್ಣಾರು ಇಷ್ಟ ಸುಮ್ಮನಿರತಾರ" ಎಂದ.

ಮಧ್ಯಾಹ್ನವಾಯಿತು. ಮಾಲೀಕರು ಊಟಕ್ಕೆ ಕರೆದರು. ಒಳಗೆ ಅವರ ಹೆಂಡತಿ ಆಗಲೇ ತಾಟು ಹಾಕಿದ್ದರು. ಆಗ ನನ್ನ ಹೆಂಡತಿ ಕೈಮುಗಿದು, ಬೇಡವೆಂದಳು.

ಅವಳ ತಂದೆ ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಎತ್ತುಗಳ ದಲಾಲಿ ಮಾಡುತ್ತಿದ್ದರು. ವ್ಯಾಪಾರ ಮುಗಿಯುವ ತನಕ ಮಾರುವವರ ಮನೆಯಲ್ಲಿ ನೀರನ್ನೂ ಕುಡಿಯಬಾರದು ಎಂಬುದು ಅವರ ನೇಮ. ನೀರು ಕುಡಿದ ಬಾಯಿ ಎತ್ತಿನ ಹಲ್ಲಿನ ಹುಳುಕು ಹೇಳುವುದಿಲ್ಲ ಎನ್ನುತ್ತಿದ್ದರಂತೆ. ಹೆಂಡತಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಮಾಲೀಕರ ಮುಖ ಸಣ್ಣದಾಯಿತು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯ ಮುಖ ಇನ್ನೂ ಸಣ್ಣದಾಯಿತು. ಊಟದ ಹೊತ್ತಿಗೆ ಬಂದವರು ಉಣ್ಣದೆ ಹೋಗುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ನಾವು ಮೂವರೂ ಕೆರೆಯ ದಂಡೆಗೆ ಹೋಗಿ ಕೂತುಬರುತ್ತೇವೆಂದು ಹೇಳಿ ಹೊರಟೆವು.

ಉಣಕಲ್ ಕೆರೆಯ ದಂಡೆಯಲ್ಲಿ ಗಾಳಿ ಚೆನ್ನಾಗಿತ್ತು. ಮರದ ನೆರಳಿನ ಬೆಂಚಿನ ಮೇಲೆ ಕೂತು ಮಂಡಕ್ಕಿ ಗಿರಮಿಟ್ ತರಿಸುವ ಮಾತಾಡುತ್ತಿರುವಾಗ, ಒಂದು ಕೈಯಿಂದ ಸೊಂಟ ಹಿಡಿದುಕೊಂಡು, ಇನ್ನೊಂದರಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು ಮಾಲೀಕರು ಬರುವುದು ಕಾಣಿಸಿತು. ಬಂದವರು ಗಂಟನ್ನು ಬೆಂಚಿನ ಮೇಲಿಟ್ಟು ಉಸಿರು ಬಿಟ್ಟರು.

"ಇದು ನನ್ನ ಮನಿ ಅಲ್ಲವಾ ತಂಗಿ, ಕೆರಿ ದಂಡಿ. ಇಲ್ಲಿ ಉಂಡ್ರ ನಿಮ್ಮಪ್ಪನ ಮಾತೂ ಉಳೀತು, ನಮ್ಮ ಮನಿಯಾಕಿ ಮುಖಾನೂ ಉಳೀತು."

ಹೆಂಡತಿ ಗಂಟು ಬಿಚ್ಚತೊಡಗಿದಳು. "ಅಣ್ಣಾರ, ನೀವು ದಲಾಲರಾಗಬೇಕಿತ್ತು" ಎಂದಳು.

"ಹತ್ತಿ ಯಾಪಾರದಾಗ ಮತ್ತೇನ ಮಾಡೇನಿ?"

ಗಂಟಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಕೆನೆಮೊಸರು. ನಾಲ್ವರೂ ಉಂಡೆವು. ಊಟ ಮುಗಿಯುತ್ತ ಬಂದಾಗ ಮಾಲೀಕರು ರೊಟ್ಟಿಯ ಕೊನೆಯ ಚೂರನ್ನು ಕೈಯಲ್ಲೇ ಹಿಡಿದು ಕೆರೆಯ ಕಡೆ ನೋಡುತ್ತ, ಎದುರಿನವರ ಮುಖಕ್ಕೆ ಹೇಳದಂತೆ ಹೇಳಿದರು.

"ಉಂಡವ್ರಿಗೆ ನಿಮ್ಮಪ್ಪ ಒಂದ ನೇಮಾ ಹಾಕಿದ್ರು. ಉಣಿಸಿದವ್ರಿಗೂ ಒಂದ ಇರಬೇಕಲ್ಲ. ತಂಪ ಹೊತ್ತಿನ್ಯಾಗ ಚಾಲೂ ಮಾಡಿದ್ರ ಮೊದಲಿಗೆ ಒಂದೀಟು ಗರಗರ ಅಂತೈತಿ. ಪೂಜಾ ಖರೇನ. ಆದ್ರ ಬಂದವರ ಮುಂದ ಹಂಗ ಕೆಮ್ಮಬಾರದು ಅನ್ನೂದೂ ಮನಸ್ಸಿನ್ಯಾಗ ಇತ್ತು."

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, ಆ ಸದ್ದು ಎಷ್ಟು ಹೊತ್ತು ಇರುತ್ತದೆ, ಯಾವಾಗ ಶುರುವಾಯಿತು, ಎಂಜಿನ್ನಿನ ಮುಂದಿನಿಂದ ಬರುತ್ತದೋ ಹಿಂದಿನಿಂದಲೋ ಎಂದು ಒಂದೊಂದೇ ಕೇಳಿದ. ಬೆಳಿಗ್ಗೆಯಿಂದ ಹೆಂಡತಿಯ ಮುಖದ ಮೇಲಿದ್ದ ಉತ್ಸಾಹ ಅಲ್ಲಿಗೆ ನಿಂತಿತು. ಡಬ್ಬಿಗಳನ್ನು ಕೆರೆಯ ದಂಡೆಯ ನಳದಲ್ಲಿ ತೊಳೆದು, ಮೊದಲಿನಂತೆಯೇ ಗಂಟು ಕಟ್ಟಿದಳು. ಇದು ಕೊನೆಯ ಕಾರು ಎಂದು ತಾನೇ ಹೇಳಿದ್ದು ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು. ಸುದ್ದಿಮನೆಯ ಹಳೆಯ ಪಾಠವೊಂದಿದೆ: ಒಬ್ಬರು ಹೇಳಿದ್ದು ಮಾಹಿತಿ, ಎರಡನೆಯ ಕಡೆಯಿಂದ ಖಚಿತವಾದರೆ ಮಾತ್ರ ಸುದ್ದಿ. ಎರಡನೆಯ ಸಾಕ್ಷಿ ಅಂಗಳದಲ್ಲಿ ಇನ್ನೂ ತಣ್ಣಗಾಗುತ್ತಿತ್ತು.

ಬಿಸಿಲು ಇಳಿದ ಮೇಲೆ ವಾಪಸು ಹೋದೆವು. ಮೆಕ್ಯಾನಿಕ್ ಮತ್ತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಈ ಸಲ ಅಲ್ಲಿಯೇ ಇಟ್ಟುಕೊಂಡ. ಹೆಂಡತಿಗೆ ಚಾಲೂ ಮಾಡಲು ಹೇಳಿ, ತಾನು ಎಂಜಿನ್ನಿನ ಹತ್ತಿರ ಕಿವಿಗೊಟ್ಟು ನಿಂತ. ಮೊದಲಿಗೆ ಡಬ್ಬಿಯಲ್ಲಿ ಕಡಲೆಕಾಳು ಅಲುಗಿಸಿದಂಥ ಸದ್ದು. ಮಾಲೀಕರು ತಲೆ ತಗ್ಗಿಸಿದರು. ಅಷ್ಟರಲ್ಲಿ ಸದ್ದು ನಿಂತುಹೋಯಿತು. ಆಮೇಲೆ ಉಳಿದದ್ದು ಒಂದೇ ಸಮನಾದ ದಪ್ಪ ದನಿ. ಮೆಕ್ಯಾನಿಕ್ ಎಂಜಿನ್ ಬಂದ್ ಮಾಡಿಸಿ, ಸ್ವಲ್ಪ ಬಿಟ್ಟು, ಮತ್ತೆ ಚಾಲೂ ಮಾಡಿಸಿದ. ಕಾಳಿನ ಸದ್ದು ಮತ್ತೆ ಬರಲಿಲ್ಲ. ಒಳಗಿನ ಚೈನನ್ನು ಬಿಗಿಯಾಗಿ ಹಿಡಿದಿಡುವ ಭಾಗ ಸವೆದಿದೆ, ಬದಲಿಸಿದರೆ ಸರಿಹೋಗುತ್ತದೆ, ಇನ್ನೊಂದು ವರ್ಷ ಹಾಗೇ ಓಡಿಸಿದ್ದರೆ ಎಂಜಿನ್ ಹೋಗುತ್ತಿತ್ತು ಎಂದ. ಕೆಳಗಿನ ಗೀರುಗಳೆಲ್ಲ ರಸ್ತೆ ಉಬ್ಬುಗಳ ಕೊಡುಗೆ, ಬಣ್ಣ ಮೂಲದ್ದೇ, ಎಲ್ಲಿಯೂ ಗುದ್ದಿಲ್ಲ ಎಂದೂ ಸೇರಿಸಿದ. ಹೆಂಡತಿ ಇದನ್ನೆಲ್ಲ ಸ್ಟಿಯರಿಂಗಿನ ಹಿಂದೆ ಕೂತೇ ಕೇಳಿದಳು.

ಕಾರಿನಲ್ಲಿ ಇದ್ದದ್ದು ಎರಡೇ ಸೀಟು. ಅವಳು, ಮೆಕ್ಯಾನಿಕ್ ಇಬ್ಬರೂ ಧಾರವಾಡದ ಕಡೆ ಹೋದರು. ನಾನು, ಮಾಲೀಕರು ಗೇಟಿನಲ್ಲಿ ನಿಂತೆವು. ಕಾರು ಕಣ್ಮರೆಯಾದ ಮೇಲೂ ಅವರು ಒಂದು ಕಿವಿಯನ್ನು ರಸ್ತೆಯ ಕಡೆಗೇ ಇಟ್ಟಿದ್ದರು. "ಮೂರನೇ ಗೇರಿಗೆ ಹಾಕಿದ್ಲು. ಅವಸರ ಮಾಡ್ಲಿಲ್ಲ. ಛಲೋ ಕೈ ಐತಿ" ಎಂದರು. ಆಮೇಲೆ ಬಸ್ಸುಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ಅವರಿಬ್ಬರೂ ತಿರುಗಿ ಬಂದಾಗ ಮೆಕ್ಯಾನಿಕ್ ಮೊದಲು ಇಳಿದ. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. "ತಗೋಬಹುದ್ರಿ" ಎಂದ. ಅವನಿಂದ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು. ಹೆಂಡತಿ ಇಳಿಯಲಿಲ್ಲ. ಕೂದಲು ಕೆದರಿತ್ತು. ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಬಾಗಿಲು ತೆರೆದು, ಕತ್ತೆತ್ತಿ ಮಾಲೀಕರನ್ನು ನೋಡಿದಳು.

"ಅಣ್ಣಾರ, ಇನ್ನ ನೀರ ಕೊಡ್ರಿ."

ಅವರು ಒಮ್ಮೆ ಕಾರಿನ ಮೇಲೆ ಕೈಯಾಡಿಸಿ, ನೀರು ತರಲು ಒಳಗೆ ಕೂಗಿ ಹೇಳಿದರು. ಯಾರಿಗೆ ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

"ಕಾರು ತಗೊಂಡವ್ರಿಗೆ."

ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ಬಂದವು. ನನ್ನ ಹೆಂಡತಿ ಸೀಟಿನಲ್ಲಿ ಕೂತೇ ಬೆಲ್ಲ ಬಾಯಿಗೆ ಹಾಕಿಕೊಂಡು, ತಂಬಿಗೆಯನ್ನು ಎತ್ತಿ ಹಿಡಿದು ಅರ್ಧ ಕುಡಿದಳು. ಉಳಿದದ್ದನ್ನು ನನ್ನ ಕಡೆ ಚಾಚಿದಳು.

"ಕುಡೀರಿ. ಎರಡನೇ ಸೀಟು ನಿಮ್ಮದ."