ನಾನು ಬಿಚ್ಚಿಕೊಂಡು ಬಂದ ರಿಬ್ಬನ್‌ಗಳು

ದೆವ್ವ, ಕಾಡಿನ ಮಾಯೆ ಅಂತ ಯಾರಾದರೂ ಶುರು ಮಾಡಿದರೆ ನಾನು ಸುಮ್ಮನೆ ಕೇಳಿಸಿಕೊಂಡವನಲ್ಲ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ರವಿಕೆ ಅಳತೆ ಕೊಡಲು ಬಂದವರು ಕಾಯುವಾಗ ಏನೇನೋ ಹೇಳುತ್ತಾರೆ. ತೀರಿಹೋದ ಅತ್ತೆ ಕನ್ನಡಿಯಲ್ಲಿ ಕಂಡರಂತೆ, ಬೀಗ ಹಾಕಿದ ಮನೆಯಲ್ಲಿ ಮಿಕ್ಸಿ ತಿರುಗಿತಂತೆ. "ವೈರಿಂಗ್ ತೋರಿಸಿ ಅಮ್ಮಾ" ಅಂತ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಅಂತಲೂ ಅಲ್ಲ. ನನಗೆ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ. ಅದರಲ್ಲಿ ನನ್ನ ತಪ್ಪು ಇದೆ, ಒಂದು ಸುಳ್ಳೂ ಇದೆ.

ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯ ಭಯಕ್ಕೆ ಹಲಸೂರು ಕೆರೆಯ ಹತ್ತಿರ ಓಡಲು ಶುರು ಮಾಡಿದೆ. ಅಲ್ಲಿ ಡೇವಿಡ್ ಪರಿಚಯವಾದರು. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು, ಅರವತ್ತು ದಾಟಿದರೂ ನಮ್ಮೆಲ್ಲರಿಗಿಂತ ಚುರುಕು. ಅವರದೊಂದು ಏಳು ಜನರ ಗುಂಪು, ವರ್ಷಕ್ಕೆರಡು ಸಲ ಯಾವುದಾದರೂ ಕಾಡಿಗೆ ಹೋಗಿ ಬೆಟ್ಟದ ದಾರಿಯಲ್ಲಿ ಓಡಿ ಬರುತ್ತಿದ್ದರು. ನಾನೂ ಸೇರಿಕೊಂಡೆ, ಟೈಲರ್ ಅಂತ ಎಲ್ಲರೂ ನನ್ನನ್ನು 'ಮಾಸ್ಟರ್' ಅನ್ನುತ್ತಿದ್ದರು. ಹೊರಮಾವಿನ ಸರೋಜಕ್ಕ ಸೇರಿದ್ದೂ ಅದೇ ಸುಮಾರಿಗೆ. ಅವರ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ. "ಹೊಲಕ್ಕೆ ಬುತ್ತಿ ಹೊತ್ಕೊಂಡು ಓಡಿದ್ ಕಾಲಿದು, ಸುಮ್ನೆ ಕೂತ್ರೆ ನೋಯ್ತದೆ" ಅನ್ನುತ್ತಿದ್ದರು. ನಿಧಾನವಾಗಿ ಓಡುತ್ತಿದ್ದರು, ಆದರೆ ನಿಲ್ಲುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಘಟ್ಟದ ಒಳಗಿನ ಒಂದು ಜಲಪಾತಕ್ಕೆ ಹೋದೆವು. ಅದರ ಹೆಸರು ಬರೆಯುವುದಿಲ್ಲ. ಓದಿದವರು ಹುಡುಕಿಕೊಂಡು ಹೋಗುವುದು ನನಗೆ ಬೇಡ. ಅರಣ್ಯದವರ ಅನುಮತಿ ಪಡೆದು, ವ್ಯಾನನ್ನು ಕಾಡಂಚಿನಲ್ಲಿ ನಿಲ್ಲಿಸಿ, ಅಲ್ಲಿಂದ ಹತ್ತು ಕಿಲೋಮೀಟರ್ ಕಾಲುದಾರಿ. ನಡುವೆ ಎರಡು ಕಡೆ ದಾರಿ ಕವಲೊಡೆಯುತ್ತದೆ. ಎರಡನೆಯ ಕವಲಿನಲ್ಲಿ ತಪ್ಪಿದರೆ ನೇರ ಬಂಡೆಯ ಅಂಚಿಗೆ ಹೋಗಿ ನಿಲ್ಲುತ್ತೀರಿ, ಕೆಳಗೆ ಕಣಿವೆ. ಅದಕ್ಕೇ ಹೋಗುವಾಗ ಮುಂದಿನವನು ಕೊಂಬೆಗಳಿಗೆ ರಿಬ್ಬನ್ ಕಟ್ಟುತ್ತ ಹೋಗಬೇಕು. ಬರುವಾಗ ಅವನೇ ಎಲ್ಲರಿಗಿಂತ ಹಿಂದೆ ಉಳಿದು ಬಿಚ್ಚಿಕೊಂಡು ಬರಬೇಕು, ಕಾಡಿನಲ್ಲಿ ಕಸ ಉಳಿಯಬಾರದು.

ಆ ಸಲ ಅದು ನನ್ನ ಕೆಲಸ. ರಿಬ್ಬನ್ ಕೂಡ ನನ್ನದೇ. ಒಂದು ಮದುವೆಯ ಲೆಹೆಂಗಾಗೆ ಹೊಂದುವ ಬಣ್ಣ ಸಿಗದೆ, ಬಿಳಿ ಲೈನಿಂಗ್ ಬಟ್ಟೆಗೆ ಅದೇ ವಾರ ಡೈಯಿಂಗ್ ಅಂಗಡಿಯಲ್ಲಿ ಕೇಸರಿ ಹಾಕಿಸಿದ್ದೆ. ಉಳಿದ ತುಂಡನ್ನು ಅಂಚಿಗೆ ಹಲ್ಲು ಬರುವ ಕತ್ತರಿಯಲ್ಲಿ ಕತ್ತರಿಸಿ ಅರವತ್ತೆರಡು ಪಟ್ಟಿ ಮಾಡಿದೆ. ಅರವತ್ತೆರಡನ್ನೂ ಕಟ್ಟಿದೆ.

ಇನ್ನೊಂದು ಪದ್ಧತಿ ಹೇಳಬೇಕು. ಓಟದ ನಡುವೆ ಯಾರಿಗಾದರೂ ಪೊದೆಯ ಮರೆಗೆ ಹೋಗಬೇಕಾದರೆ ಬೆನ್ನಿನ ಬ್ಯಾಗನ್ನು ದಾರಿಯ ಪಕ್ಕ ಇಟ್ಟು ಹೋಗುತ್ತಾರೆ. ಬ್ಯಾಗ್ ಇದ್ದರೆ ಅದರ ಒಡೆಯರು ಇನ್ನೂ ಹಿಂದಿದ್ದಾರೆ ಅಂತ ಅರ್ಥ, ಕೊನೆಯವನು ಅಲ್ಲೇ ಕಾಯಬೇಕು. ಬೆಳಿಗ್ಗೆ ವ್ಯಾನಿನ ಹತ್ತಿರ ಡೇವಿಡ್ ಇದನ್ನೇ ಎರಡು ಸಲ ಹೇಳಿದ್ದರು.

ಜಲಪಾತದಲ್ಲಿ ಮಿಂದು, ಚಿತ್ರಾನ್ನ ತಿಂದು, ಒಂದು ಗಂಟೆಗೆ ಹೊರಟೆವು. ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು, ಹಿಂದೆಯೇ ಮಳೆ. ಸರೋಜಕ್ಕ ನನ್ನ ಮುಂದೆಯೇ ಇದ್ದರು, ಆಮೇಲೆ ಕಾಣಲಿಲ್ಲ. ಮುಂದೆ ಯಾರೋ ಮಾತಾಡುವುದು ಕೇಳಿಸುತ್ತಿತ್ತು, ಅವರೂ ಅಲ್ಲಿದ್ದಾರೆ ಅಂದುಕೊಂಡೆ. ವಾಪಸ್ ಬರುವಾಗ ಸಿಗುವ ಮೊದಲ ಕವಲಿಗೂ ಮುಂಚೆ ದಾರಿಯ ಪಕ್ಕ ಅವರ ನೀಲಿ ಬ್ಯಾಗ್ ಬಿದ್ದಿತ್ತು. ಎತ್ತಿ ನೋಡಿದರೆ ಒಂದು ಹೆಗಲ ಪಟ್ಟಿಯ ಹೊಲಿಗೆ ಬಿಟ್ಟುಹೋಗಿದೆ. ನನ್ನ ಕಣ್ಣಿಗೆ ಹೊಲಿಗೆ ಬಿಟ್ಟಿದ್ದು ಬಿಟ್ಟರೆ ಬೇರೇನೂ ಕಾಣಲಿಲ್ಲ. ಪಟ್ಟಿ ಕಿತ್ತು ಬಿದ್ದುಹೋಗಿದೆ, ಅವರಿಗೆ ಗೊತ್ತಾಗಿಲ್ಲ, ಅಂಗಡಿಗೆ ಒಯ್ದು ಹೊಲಿದುಕೊಡೋಣ ಅಂತ ಹೆಗಲಿಗೇರಿಸಿದೆ. ಅವರ ಫೋನು, ನೀರು, ಸೀಟಿ ಎಲ್ಲ ಅದರಲ್ಲೇ ಇತ್ತು. ಕವಲುಗಳಲ್ಲಿದ್ದದ್ದೂ ಸೇರಿ, ಒಂದೊಂದೇ ರಿಬ್ಬನ್ ಬಿಚ್ಚಿ ನನ್ನ ಬ್ಯಾಗಿಗೆ ತುರುಕಿಕೊಳ್ಳುತ್ತ ವ್ಯಾನಿಗೆ ಬಂದೆ.

"ಸರೋಜಾ ಎಲ್ಲಿ ಮಾಸ್ಟರ್?" ಅಂದರು ಡೇವಿಡ್.

"ಮುಂದೆ ಬಂದ್ರಲ್ವಾ?"

ಡೇವಿಡ್ ನನ್ನ ಹೆಗಲಿನ ನೀಲಿ ಬ್ಯಾಗನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಹೋಗ್ಲಿ, ರಿಬ್ಬನ್ ಬಿಚ್ಚಿಲ್ಲ ತಾನೇ?" ಅಂತ ಕೇಳಿದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇಲ್ಲ, ಮಳೆ ಬಂತಲ್ಲ, ಹಂಗೇ ಬಿಟ್ಬಿಟ್ಟೆ" ಅಂದೆ.

"ಹಂಗಾದ್ರೆ ಬರ್ತಾರೆ. ಈ ಮಂಜಲ್ಲಿ ನಾವೂ ನುಗ್ಗಿ ಕಳೆದುಹೋಗೋದು ಬೇಡ. ಅರ್ಧ ಗಂಟೆ ನೋಡೋಣ."

ಆ ಅರ್ಧ ಗಂಟೆಯನ್ನು ಹೇಗೆ ವಿವರಿಸಲಿ? ನನ್ನ ಒಂದು ಸುಳ್ಳಿನಿಂದ ಯಾರೂ ಹುಡುಕಲು ಹೋಗಲಿಲ್ಲ. ಒದ್ದೆ ರಿಬ್ಬನ್‌ಗಳ ನೀರು ಬ್ಯಾಗಿನಿಂದ ಇಳಿದು ನನ್ನ ಬೆನ್ನು ತೋಯಿಸುತ್ತಿತ್ತು. ಕಣ್ಣು ಮುಚ್ಚಿದರೆ ಆ ಬಂಡೆಯ ಅಂಚು. ಸರೋಜಕ್ಕನ ಮಗಳ ಮುಖ ನೆನಪಾಯಿತು, ಒಮ್ಮೆ ಅಂಗಡಿಗೆ ಬಂದಿದ್ದಳು. ಇಪ್ಪತ್ತು ನಿಮಿಷ ಆಗಿರಬೇಕು, ಇನ್ನು ತಡೆಯಲಾರೆ, ಹೇಳಿಬಿಡುತ್ತೇನೆ ಅಂತ ಎದ್ದೆ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಮರಗಳ ನಡುವಿನಿಂದ ಸರೋಜಕ್ಕ ಬಂದರು, ಹೊಲದಿಂದ ಮನೆಗೆ ಬರುವವರ ಹಾಗೆ, ಆರಾಮಾಗಿ.

"ಪೊದೆಯಿಂದ ಆಚೆ ಬಂದ್ರೆ ಬ್ಯಾಗಿಲ್ಲ, ಯಾರೂ ಇಲ್ಲ. ಜೀವಾನೇ ಹೋದಂಗಾಯ್ತು" ಅಂದರು. "ಆಮೇಲೆ ನೋಡ್ತೀನಿ, ಎದುರಿಗೇ ರಿಬ್ಬನ್ನು. ಒಂದಾದ್ಮೇಲೆ ಒಂದು ನೋಡ್ಕೊಂಡು ಬಂದೆ. ಕವಲಲ್ಲಿ ಎರಡೆರಡು ಕಟ್ಟಿದ್ರಲ್ಲ ಮಾಸ್ಟ್ರೇ, ಅದೇ ನನ್ನ ಉಳಿಸ್ತು." ಕೈಯಲ್ಲಿದ್ದ ಒಂದು ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟರು. ಕೊನೆಯದು, ಮುಟ್ಟಿದರೆ ಗಂಟಿನ ಸಮೇತ ಕಳಚಿಕೊಂಡು ಬಂತಂತೆ.

ಕವಲಿನಲ್ಲಿ ನಾನು ಕಟ್ಟಿದ್ದು ಒಂದೊಂದೇ.

ಎಲ್ಲರೂ ನನ್ನ ಬೆನ್ನು ತಟ್ಟಿದರು. ಕೈಕಾಲು ತೊಳೆಯುವ ನೆಪದಲ್ಲಿ ನಾನು ಕಾಡಿನೊಳಕ್ಕೆ ನೂರೈವತ್ತು ಹೆಜ್ಜೆ ನಡೆದು ನೋಡಿ ಬಂದೆ. ನಾನು ಮೊದಲ ಪಟ್ಟಿ ಕಟ್ಟಿದ್ದ ನೇರಳೆ ಮರ ಬರಿದಾಗಿತ್ತು. ಅದರ ಆಚೆಯವೂ ಬರಿದು. ಬೆಂಗಳೂರಿಗೆ ಬಂದು, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಬ್ಯಾಗಿನಲ್ಲಿದ್ದವನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ಅರವತ್ತೆರಡು. ಮೂರು ಸಲ ಎಣಿಸಿದೆ.

ಸರೋಜಕ್ಕ ಕೊಟ್ಟದ್ದು ಅರವತ್ತಮೂರನೆಯದು. ಅದು ಕೇಸರಿಯಾಗಿರಲಿಲ್ಲ, ಎಷ್ಟೋ ಮಳೆ ಬಿಸಿಲು ಕಂಡ ಹಾಗೆ ಹೆಚ್ಚುಕಡಿಮೆ ಬಿಳುಚಿಕೊಂಡಿತ್ತು. ಬೇರೆ ಯಾವುದೋ ಗುಂಪಿನವರು ಎಂದೋ ಬಿಟ್ಟುಹೋದದ್ದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅಂಚಿನಲ್ಲಿ ಅದೇ ಕತ್ತರಿಯ ಹಲ್ಲು. ನನ್ನ ಕತ್ತರಿಗೆ ಒಂದು ಹಲ್ಲು ಮುರಿದಿದೆ, ಆ ಮುರುಕೂ ಅದರಲ್ಲಿತ್ತು. ಗಂಟು, ನಾನು ಬಟ್ಟೆಯ ಕಟ್ಟಿಗೆ ಹಾಕುವ ಎರಡು ಸುತ್ತಿನ ಗಂಟು. ಬಿಚ್ಚಿದೆ. ಬಿಸಿಲು ತಾಗದ ಆ ಮಡಿಕೆಯೊಳಗೆ ಮಾತ್ರ ಕೇಸರಿ ಉಳಿದಿತ್ತು, ಅದೇ ವಾರ ನಾನು ಹಾಕಿಸಿದ ಬಣ್ಣ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಸುಳ್ಳೂ ಹೊರಬೀಳುತ್ತಿತ್ತು. ಸರೋಜಕ್ಕ ಪ್ರತಿ ಯುಗಾದಿಗೆ ಅಂಗಡಿಗೆ ಒಬ್ಬಟ್ಟು ಕಳಿಸುತ್ತಿದ್ದರು, "ದಾರಿ ತೋರಿಸಿದ ಮಾಸ್ಟ್ರಿಗೆ" ಅಂತ. ನಾನು ಅದನ್ನು ಪಕ್ಕದ ಅಂಗಡಿಯವರಿಗೆ ಕೊಟ್ಟುಬಿಡುತ್ತಿದ್ದೆ.

ಕಳೆದ ವರ್ಷ ಮಗಳ ಮದುವೆಗೆ ರವಿಕೆ ಹೊಲಿಸಲು ಅವರೇ ಬಂದರು. ಅಳತೆ ತೆಗೆಯುತ್ತಿದ್ದವನು ಟೇಪು ಕೆಳಗಿಟ್ಟು ಎಲ್ಲ ಹೇಳಿದೆ. ಬಿಚ್ಚಿದ್ದು, ಸುಳ್ಳು ಹೇಳಿದ್ದು, ಎಣಿಸಿದ್ದು. ಡ್ರಾಯರಿನಿಂದ ಆ ಬಿಳುಚಿದ ಪಟ್ಟಿ ತೆಗೆದು ಮುಂದಿಟ್ಟೆ. ಉಗಿಯುತ್ತಾರೆ ಅಂತ ಕಾದೆ.

"ನಂಗೆ ಅವತ್ತೇ ಗೊತ್ತಿತ್ತು ಮಾಸ್ಟ್ರೇ" ಅಂದರು. "ನಿಮ್ ಬ್ಯಾಗಿನ ಜಿಪ್ಪಿಂದ ಕೇಸರಿ ತುದಿ ಆಚೆ ಬಂದಿತ್ತು. ವ್ಯಾನ್ ಹತ್ತೋವಾಗ ಕಂಡೆ."

"ಮತ್ತೆ ಯಾಕಕ್ಕ ಕೇಳಲಿಲ್ಲ?"

ಅವರು ಪಟ್ಟಿಯನ್ನು ಮುಟ್ಟಲಿಲ್ಲ. "ನೀವು ಕಟ್ಟಿದ್ದಲ್ಲ ಅಂದ್ರೆ, ಯಾರು ಕಟ್ಟಿದ್ದು ಅಂತ ನಾನು ಯೋಚ್ನೆ ಮಾಡ್ಬೇಕಲ್ಲ. ರಾತ್ರಿ ಕೋಣೇಲಿ ಒಬ್ಳೇ ಮಲಗೋಳು ನಾನು. ನೀವೇ ಕಟ್ಟಿದ್ದು ಅಂತ ಇರ್ಲಿ ಬಿಡಿ."

ನಾನು ಟೇಪು ಎತ್ತಿಕೊಂಡೆ. ತೋಳು ಸ್ವಲ್ಪ ಸಡಿಲ ಇರಲಿ ಅಂದರು. ಪುಸ್ತಕದಲ್ಲಿ ಬರೆದುಕೊಂಡೆ, ಆದರೆ ಅಂಕಿ ತಪ್ಪಿತ್ತು, ಇನ್ನೊಮ್ಮೆ ಅಳೆಯಬೇಕಾಯಿತು.